ಪಾಲಿಕೆ ಸದಸ್ಯರ ಗೌರವಧನ: ಎಷ್ಟು, ಯಾರು ನಿಗದಿ ಮಾಡಬೇಕು, ಯಾವಾಗಿನಿಂದ ಜಾರಿ?

ನೆಟ್ಟಕಲ್ಲಪ್ಪ_ಸರ್ಕಲ್
ಬೆಂಗಳೂರಿನಲ್ಲಿ ಜಿಬಿಎ (ಗ್ರೇಟರ್ ಬೆಂಗಳೂರು ಪ್ರಾಧಿಕಾರ) ಕೆಳಗೆ ಐದು ಪಾಲಿಕೆ ಆದಮೇಲೆ ಒಟ್ಟು 369 ವಾರ್ಡು. ಪಶ್ಚಿಮ 112, ಉತ್ತರ 72, ದಕ್ಷಿಣ 72, ಕೇಂದ್ರ 63, ಪೂರ್ವ 50. ಅಂದರೆ 369 ಜನ ಚುನಾಯಿತ ಸದಸ್ಯರು. ಇವರಿಗೆ ತಿಂಗಳಿಗೆ ಎಷ್ಟು ಕೊಡಬೇಕು ಅನ್ನೋದರ ಬಗ್ಗೆ ನಮ್ಮ ನಿವಾಸಿಗಳ ಸಂಘದಿಂದ ನಗರಾಭಿವೃದ್ಧಿ ಇಲಾಖೆಗೆ ಎರಡು ಪುಟದ ಸಲಹೆ ಬರೆಯುತ್ತಿದ್ದೇವೆ. "ಹೇಗೂ ಮಾಡ್ಕೋತಾರೆ, ಯಾಕೆ ಕೊಡಬೇಕು" ಮತ್ತು "ಕೈತುಂಬ ಕೊಟ್ಟರೆ ಲಂಚ ನಿಲ್ಲುತ್ತೆ", ಈ ಎರಡು ಮಾತು ಬಿಟ್ಟು ಲೆಕ್ಕ ಗೊತ್ತಿರೋರು ಬರೆಯಿರಿ. ಮೊತ್ತ ಯಾವ ಆಧಾರದ ಮೇಲೆ ಕಟ್ಟೋದು, ಯಾರ ಕೈಲಿ ತೀರ್ಮಾನ ಇರಬೇಕು, ಎಲ್ಲೆಲ್ಲಿ ಕೆಡುತ್ತೆ.

ಲೆಕ್ಕಶಾಖೆ
ಮೊದಲು ಮೂರು ಬಾಬ್ತು ಬೇರೆ ಮಾಡಿ, ಆಮೇಲೆ ಅಂಕಿಗೆ ಬನ್ನಿ.

ಒಂದು, ಸದಸ್ಯರ ಸಮಯಕ್ಕೆ ಕೊಡೋ ಗೌರವಧನ. ಇದು ಎಲ್ಲ ಸದಸ್ಯರಿಗೂ ಒಂದೇ, ಅವರ ಬ್ಯಾಂಕ್ ಖಾತೆಗೆ ಹೋಗುತ್ತೆ, ಬಿಲ್ಲು ಕೇಳಬಾರದು. ಎರಡು, ಹೊಣೆ ಭತ್ಯೆ. ಮೇಯರ್, ಉಪಮೇಯರ್, ಸ್ಥಾಯಿ ಸಮಿತಿ ಅಧ್ಯಕ್ಷರು, ವಿರೋಧ ಪಕ್ಷದ ನಾಯಕರು. ಹುದ್ದೆ ಹೋದ ದಿನ ಭತ್ಯೆಯೂ ನಿಲ್ಲಬೇಕು. ಮೂರು, ವಾರ್ಡ್ ಕಚೇರಿ ಖರ್ಚು. ಬಾಡಿಗೆ, ಒಬ್ಬ ಸಹಾಯಕ, ಇಂಟರ್ನೆಟ್, ಝೆರಾಕ್ಸ್. ಇದು ಸದಸ್ಯರ ಕೈಗೆ ಹೋಗಲೇಬಾರದು. ಪಾಲಿಕೆಯೇ ನೇರವಾಗಿ ಕಟ್ಟಡದ ಮಾಲೀಕರಿಗೆ, ಸಹಾಯಕರಿಗೆ ಪಾವತಿ ಮಾಡಬೇಕು.

ನಮ್ಮಲ್ಲಿ ಆಗೋದು ಉಲ್ಟಾ. ಗೌರವಧನ ಹೆಚ್ಚಿಸಿದರೆ ಪೇಪರಲ್ಲಿ ಬರುತ್ತೆ ಅಂತ ಹೆದರಿ ಅದನ್ನ ಹಾಗೇ ಇಟ್ಟು, ಭತ್ಯೆಗಳನ್ನ ಉಬ್ಬಿಸೋದು. ದೂರವಾಣಿ ಭತ್ಯೆ, ಇಂಧನ ಭತ್ಯೆ, ಅಂಚೆ ಭತ್ಯೆ. ವಾಟ್ಸಾಪ್ ಕಾಲದಲ್ಲಿ ಅಂಚೆ ಭತ್ಯೆ! ಭತ್ಯೆಗೆ ವೋಚರ್ ಕೇಳಿದರೆ ಆಡಿಟ್ ಆಕ್ಷೇಪಣೆ ಬರುತ್ತೆ, ಕೇಳದಿದ್ದರೆ ಅದು ಹಿಂಬಾಗಿಲ ಸಂಬಳ.

ಇಂಧನ ಭತ್ಯೆ ಬಗ್ಗೆ ಒಂದು ಗುಣಾಕಾರ ನೋಡಿ. ಐದೂ ಪಾಲಿಕೆ ಸೇರಿ ಸುಮಾರು 712 ಚದರ ಕಿಲೋಮೀಟರ್. 369ರಿಂದ ಭಾಗಿಸಿದರೆ ವಾರ್ಡಿಗೆ ಸರಾಸರಿ 1.93 ಚದರ ಕಿಲೋಮೀಟರ್. ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದೇ ಹೋಗಬಹುದು. ಪಾಲಿಕೆ ಕಚೇರಿಗೆ ಹೋಗಿಬರೋ ಕಿಲೋಮೀಟರ್ ಲೆಕ್ಕ ಬಿಟ್ಟರೆ ತಿಂಗಳ ಡೀಸೆಲ್ ಕೋಟಾಕ್ಕೆ ಆಧಾರವೇ ಇಲ್ಲ.

ಯಶವಂತಪುರ_ಯಾರ್ಡ್
ಬೇರೆ ಕಡೆ ಏನಿದೆ ಅನ್ನೋದನ್ನೂ ಪತ್ರದಲ್ಲಿ ಹಾಕಿ ಸರ್, ಇಲಾಖೆಯವರು ಮೊದಲು ಕೇಳೋದೇ ಅದು.

ಮಹಾರಾಷ್ಟ್ರದಲ್ಲಿ 2017ರಲ್ಲಿ ಪಾಲಿಕೆಗಳನ್ನ ದರ್ಜೆವಾರು ವಿಂಗಡಿಸಿ ನಿಗದಿ ಮಾಡಿದರು. ಮುಂಬೈ ಸದಸ್ಯರಿಗೆ 25,000, ಪುಣೆ, ನಾಗ್ಪುರ ದರ್ಜೆಗೆ 20,000, ಕೆಳಗಿನ ದರ್ಜೆಗಳಿಗೆ 15,000 ಮತ್ತು 10,000. ತಮಿಳುನಾಡು 2023ರ ಜುಲೈನಿಂದ ಪಾಲಿಕೆ ಮೇಯರ್‌ಗೆ 30,000, ಉಪಮೇಯರ್‌ಗೆ 15,000, ಸದಸ್ಯರಿಗೆ 10,000. ದೆಹಲಿಯಲ್ಲಿ ತಿಂಗಳ ಗೌರವಧನ ಅನ್ನೋದೇ ಇಲ್ಲದೆ ಸಭೆಗೆ 300 ರೂಪಾಯಿ ಲೆಕ್ಕದಲ್ಲಿ ಬಹಳ ವರ್ಷ ನಡೆಯಿತು. ಐದಾಗಿ ಒಡೆಯೋ ಮೊದಲಿದ್ದ ನಮ್ಮ ಬಿಬಿಎಂಪಿಯಲ್ಲಿ 198 ಸದಸ್ಯರ ಕೊನೆಯ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿದಾಗ ಸಾಮಾನ್ಯ ಸದಸ್ಯರ ಗೌರವಧನ ಐದಂಕಿ ಮುಟ್ಟಿರಲಿಲ್ಲ.

ಈಗ ಪಕ್ಕದಲ್ಲಿ ಇದನ್ನಿಡಿ. 2025ರ ಮಾರ್ಚ್‌ನಲ್ಲಿ ಕರ್ನಾಟಕದ ಶಾಸಕರ ವೇತನ 40,000ದಿಂದ 80,000ಕ್ಕೆ, ಮುಖ್ಯಮಂತ್ರಿಗಳದ್ದು 75,000ದಿಂದ 1.5 ಲಕ್ಷಕ್ಕೆ ಏರಿತು. ಭತ್ಯೆಗಳು ಬೇರೆ. ಗ್ರಾಮ ಪಂಚಾಯಿತಿ ಸದಸ್ಯರಿಗೆ 2022ರ ಏರಿಕೆಯ ನಂತರವೂ ತಿಂಗಳಿಗೆ 2,000. 2025-26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ಇತ್ತು. ಅಂದರೆ ಪಂಚಾಯಿತಿ ಸದಸ್ಯರ ತಿಂಗಳ ಗೌರವಧನ ಐದೂವರೆ ದಿನದ ಕೂಲಿಗೆ ಸಮ.

ಕೋರಂ_ಬೆಲ್
ಸಭಾ ಭತ್ಯೆ ಮಾತ್ರ ಬೇಡವೇ ಬೇಡ ಅಂತ ಬರೆಯಿರಿ. ದುಡ್ಡು ಸಭೆಗೆ ಅಂತಾದರೆ ಸಭೆಗಳು ಹುಟ್ಟಿಕೊಳ್ಳುತ್ತವೆ. ಒಂದೇ ಕಡತವನ್ನ ಮೂರು ಸಭೆಗೆ ಮುಂದೂಡೋದು, ಒಂದೇ ದಿನ ಬೆಳಗ್ಗೆ ಒಂದು ಉಪಸಮಿತಿ, ಮಧ್ಯಾಹ್ನ ಇನ್ನೊಂದು. ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಕಾಫಿ ಕುಡಿದು ಹೊರಡೋದು. ಕೋರಂ (ಸಭೆ ನಡೆಸೋಕೆ ಬೇಕಾದ ಕನಿಷ್ಠ ಹಾಜರಿ) ಇಲ್ಲದೆ ಮುಂದೂಡಿದ ಸಭೆಗೂ ಭತ್ಯೆ ಕೇಳ್ತಾರೆ, ಯಾಕಂದ್ರೆ "ನಾನು ಬಂದಿದ್ದೆನಲ್ಲ".

ಉಲ್ಟಾ ದಾರಿ ಸರಿಯಾದದ್ದು. ತಿಂಗಳ ಗೌರವಧನ ಪೂರ್ತಿ, ಗೈರಾದರೆ ಕಡಿತ. ಕಡಿತದ ನಿಯಮ ಹೀಗಿರಲಿ. ಕೌನ್ಸಿಲ್ ಸಭೆ, ತಾವು ಸದಸ್ಯರಾಗಿರೋ ಸ್ಥಾಯಿ ಸಮಿತಿ, ತಮ್ಮ ವಾರ್ಡ್ ಸಮಿತಿ, ಈ ಮೂರು ಮಾತ್ರ ಲೆಕ್ಕಕ್ಕೆ. ಪ್ರತಿ ಗೈರಿಗೆ ಆ ತಿಂಗಳ ಗೌರವಧನದ ಶೇ 10. ಹೆರಿಗೆ, ಆಸ್ಪತ್ರೆ ವಾಸ, ಪಾಲಿಕೆಯೇ ಕಳಿಸಿದ ಕೆಲಸಕ್ಕೆ ವಿನಾಯಿತಿ. ಹಾಜರಿಯನ್ನ ಶುರುವಿನಲ್ಲೂ ಕೊನೆಯಲ್ಲೂ ಎರಡು ಸಲ ತಗೋಬೇಕು. ಒಂದೇ ಸಲ ತಗೊಂಡರೆ ಕಾಫಿ ಕಥೆಯೇ.

ವಾರ್ಡ್ ಸಮಿತಿ ಸಭೆಯನ್ನ ಸೇರಿಸೋದು ಮುಖ್ಯ. ಅದನ್ನ ಕರೆಯಬೇಕಾದವರೇ ಸದಸ್ಯರು. ಕರೆಯದೇ ಇದ್ದರೆ ಗೈರು ಅನ್ನೋ ಪ್ರಶ್ನೆಯೇ ಬರಲ್ಲ. ಹಾಗಾಗಿ "ತಿಂಗಳಲ್ಲಿ ವಾರ್ಡ್ ಸಮಿತಿ ಸಭೆ ನಡೆಯದಿದ್ದರೆ ಅದೂ ಗೈರು" ಅಂತ ಬಿಡಿಸಿ ಬರೆಯಬೇಕು.

ಪೀಣ್ಯ_2ನೇ_ಹಂತ
ಅಯ್ಯೋ ಬಿಡಿ ಗುರು. ಎಷ್ಟು ಕೊಟ್ಟರೂ ಅಷ್ಟೇ. ಚುನಾವಣೆಗೆ ಕೋಟಿಗಟ್ಟಲೆ ಸುರಿಯೋರಿಗೆ ತಿಂಗಳಿಗೆ 20 ಸಾವಿರ ಕೊಟ್ಟರೇನು, 60 ಸಾವಿರ ಕೊಟ್ಟರೇನು? ಜನಸೇವೆ ಅಂತ ಬಂದಮೇಲೆ ಸಂಬಳ ಯಾಕೆ?

ಹಲಸೂರು_ಹಾದಿ
@ಪೀಣ್ಯ_2ನೇ_ಹಂತ, ಕೋಟಿ ಸುರಿಯೋರ ವಿಷಯ ಸರಿ, ಅವರಿಗೆ ಇದು ಲೆಕ್ಕಕ್ಕೇ ಇಲ್ಲ. ಇದು ಇರೋದು ಸುರಿಯಲಾಗದವರಿಗೆ. ಖಾಸಗಿ ಶಾಲೆ ಟೀಚರ್, ಆಟೋ ಓಡಿಸೋರು, ಗಾರ್ಮೆಂಟ್ಸ್ ಸೂಪರ್‌ವೈಸರ್, ಸಣ್ಣ ಅಂಗಡಿಯವರು, ಇವರಲ್ಲಿ ಒಬ್ಬರು ಗೆದ್ದರು ಅಂತಿಟ್ಟುಕೊಳ್ಳಿ. ಬೆಳಗ್ಗೆ ಕಸದ ಆಟೋ ಬರಲಿಲ್ಲ ಅನ್ನೋ ಫೋನಿಂದ ಹಿಡಿದು ರಾತ್ರಿ ಬೀದಿದೀಪದ ತನಕ ಐದು ವರ್ಷ ಅದೇ ಕೆಲಸ. ಹಳೇ ದುಡಿಮೆ ಅರ್ಧಕ್ಕೆ ನಿಲ್ಲುತ್ತೆ. ನಾಲ್ಕಂಕಿ ಗೌರವಧನದಲ್ಲಿ ಮನೆ ಬಾಡಿಗೆಯೂ ಹುಟ್ಟಲ್ಲ. ಕೊನೆಗೆ ಸ್ಪರ್ಧಿಸೋರು ಯಾರು? ಬಾಡಿಗೆ ಬರೋ ಕಟ್ಟಡ ಇರೋರು, ಸೈಟು ವ್ಯವಹಾರದವರು, ಕಂಟ್ರಾಕ್ಟರ್ ಬಂಧುಗಳು.

ಕರ್ನಾಟಕದ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಅರ್ಧ ಸೀಟು ಮಹಿಳೆಯರಿಗೆ. ಸ್ವಂತ ಆದಾಯ ಇಲ್ಲದ ಸದಸ್ಯೆ ಗಂಡನ ಜೇಬಿನ ಮೇಲೆ ನಿಂತರೆ ಕಡತ ನೋಡೋರೂ ಗಂಡಂದಿರೇ ಆಗ್ತಾರೆ. ಗೌರವಧನ ಅವರ ಒಬ್ಬರದೇ ಹೆಸರಿನ ಖಾತೆಗೆ ಹೋಗಬೇಕು, ಜಂಟಿ ಖಾತೆ ಬೇಡ ಅಂತ ಒಂದು ಸಾಲು ಸೇರಿಸಿ. ಇಂಗ್ಲೆಂಡಿನ ಸ್ಥಳೀಯ ಸಂಸ್ಥೆ ಸದಸ್ಯರ ಭತ್ಯೆ ನಿಯಮದಲ್ಲಿ ಮಕ್ಕಳನ್ನೋ ವಯಸ್ಸಾದವರನ್ನೋ ನೋಡಿಕೊಳ್ಳೋಕೆ ಆಳು ಇಟ್ಟರೆ ಆ ಖರ್ಚಿಗೆ ಪ್ರತ್ಯೇಕ ಭತ್ಯೆ ಕೊಡಲು ಅವಕಾಶ ಇದೆ. ಸಂಜೆ ಆರಕ್ಕೆ ಸಭೆ ಇಟ್ಟು ಎಂಟೂವರೆವರೆಗೆ ಎಳೆಯೋ ಊರಲ್ಲಿ ಅದು ದೊಡ್ಡ ವಿಷಯ.

ಲಂಚದ ಬಗ್ಗೆ ಮಾತ್ರ ಭರವಸೆ ಕೊಡಬೇಡಿ. ಬ್ರೆಜಿಲ್‌ನಲ್ಲಿ ನಡೆದ ಅಧ್ಯಯನದಲ್ಲಿ ಕಂಡದ್ದು, ಸ್ಥಳೀಯ ಸಂಸ್ಥೆ ಸದಸ್ಯರ ವೇತನ ಏರಿದಲ್ಲಿ ಸ್ಪರ್ಧಿಗಳು ಹೆಚ್ಚಾದರು, ಓದಿದವರು ಹೆಚ್ಚಾಗಿ ಬಂದರು, ಮಂಡಿಸಿದ ಮಸೂದೆಗಳು ಹೆಚ್ಚಾದವು. ಪತ್ರದಲ್ಲಿ ಅಷ್ಟನ್ನೇ ಹೇಳಿ.

ಮಾರೇನಹಳ್ಳಿ_ಮ್ಯಾಪ್
ಬ್ರೆಜಿಲ್‌ನಲ್ಲಿ ವೇತನ ಕಟ್ಟೋ ಸೂತ್ರವೇ ಚೆನ್ನಾಗಿದೆ, ಪೂರ್ತಿ ಬರೆಯುತ್ತೇನೆ. 2000ದಲ್ಲಿ ಸಂವಿಧಾನಕ್ಕೆ 25ನೇ ತಿದ್ದುಪಡಿ ತಂದು, ಊರಿನ ಜನಸಂಖ್ಯೆ ನೋಡಿ ಸದಸ್ಯರ ವೇತನಕ್ಕೆ ಗರಿಷ್ಠ ಮಿತಿ ಹಾಕಿದರು. ರಾಜ್ಯ ಶಾಸಕರ ವೇತನದ ಇಂತಿಷ್ಟು ಪಾಲು. 10,000 ಜನದವರೆಗೆ ಶೇ 20, 50,000ವರೆಗೆ ಶೇ 30, 1 ಲಕ್ಷದವರೆಗೆ ಶೇ 40, 3 ಲಕ್ಷದವರೆಗೆ ಶೇ 50, 5 ಲಕ್ಷದವರೆಗೆ ಶೇ 60, ಅದಕ್ಕೂ ಮೇಲೆ ಶೇ 75. ಅಳವಡಿಸಿದರೆ ಬೆಂಗಳೂರಿನ ಐದೂ ಪಾಲಿಕೆ ಮೇಲಿನ ದರ್ಜೆಯೇ. 80,000ದ ಶೇ 75 ಅಂದರೆ 60,000.

ಲೆಕ್ಕಶಾಖೆ
@ಮಾರೇನಹಳ್ಳಿ_ಮ್ಯಾಪ್ ಮಿತಿಯಾಗಿ ಒಪ್ಪಬಹುದು, ಆಧಾರವಾಗಿ ಬೇಡ. ಸಂವಿಧಾನದ 195ನೇ ವಿಧಿಯಂತೆ ಶಾಸಕರ ವೇತನ ನಿಗದಿ ಮಾಡೋದು ವಿಧಾನಮಂಡಲವೇ, ಅಂದರೆ ತಮ್ಮ ಸಂಬಳ ತಾವೇ. ಅದಕ್ಕೆ ಕೊಂಡಿ ಹಾಕಿದರೆ ಅವರು ದುಪ್ಪಟ್ಟು ಮಾಡಿಕೊಂಡ ದಿನ ಪಾಲಿಕೆಯದ್ದೂ ದುಪ್ಪಟ್ಟು, ಅವರು ಹತ್ತು ವರ್ಷ ಸುಮ್ಮನಿದ್ದರೆ ಇವರದ್ದೂ ಸುಮ್ಮನೆ. ಸಂಸದರಿಗೆ 2018ರಿಂದ ಹಣದುಬ್ಬರ ಸೂಚ್ಯಂಕಕ್ಕೆ ಕಟ್ಟಿ ಐದು ವರ್ಷಕ್ಕೊಮ್ಮೆ ಪರಿಷ್ಕರಣೆ ಅಂತ ಮಾಡಿದ್ದರಿಂದ 1 ಲಕ್ಷ ಇದ್ದದ್ದು 2023ರ ಏಪ್ರಿಲ್‌ನಿಂದ 1.24 ಲಕ್ಷ ಆಯಿತು. ಗಲಾಟೆ ಕಡಿಮೆ, ಏರಿಕೆಯೂ ಹದ.

ಕೆಲಸದ ಗಂಟೆಯಿಂದ ಕಟ್ಟೋ ಸೂತ್ರ ಇಂಗ್ಲೆಂಡಿನ ಸ್ಥಳೀಯ ಸಂಸ್ಥೆಗಳಲ್ಲಿ ರೂಢಿಯಲ್ಲಿದೆ. ವಾರಕ್ಕೆ ಎಷ್ಟು ಗಂಟೆ ಅಂತ ಅಂದಾಜು ಮಾಡಿ, ಅದರಲ್ಲಿ ಒಂದು ಪಾಲು, ಸಾಮಾನ್ಯವಾಗಿ ಮೂರನೇ ಒಂದು, ಸಾರ್ವಜನಿಕ ಸೇವೆ ಅಂತ ಕಳೆದು, ಉಳಿದದ್ದಕ್ಕೆ ಗಂಟೆ ದರ ಹಾಕ್ತಾರೆ. @ಪೀಣ್ಯ_2ನೇ_ಹಂತ ಕೇಳಿದ ಜನಸೇವೆ ಆ ಮೂರನೇ ಒಂದರಲ್ಲಿ ಇದೆ.

ಮಾದರಿಗೆ ನಮ್ಮ ಅಂಕಿ ಹಾಕೋಣ. ಮಧ್ಯಮ ದರ್ಜೆಯ ಅಧಿಕಾರಿಗೆ ತಿಂಗಳಿಗೆ 60,000 ಅಂತಿಟ್ಟುಕೊಂಡು, 26 ದಿನ, ದಿನಕ್ಕೆ 8 ಗಂಟೆ ಅಂದರೆ 208 ಗಂಟೆ. ಗಂಟೆಗೆ ಸುಮಾರು 288.

ವಾರಕ್ಕೆ 25 ಗಂಟೆ ಕೆಲಸ ಅಂದರೆ ತಿಂಗಳಿಗೆ 108, ಮೂರನೇ ಒಂದು ಕಳೆದರೆ 72, ಮೊತ್ತ ಸುಮಾರು 20,800.
ವಾರಕ್ಕೆ 45 ಗಂಟೆ ಅಂದರೆ ತಿಂಗಳಿಗೆ 195, ಕಳೆದರೆ 130, ಮೊತ್ತ 37,440.

ಜಗಳ ಇರೋದು ಗಂಟೆಯಲ್ಲಿ. ಬರೀ ಸಭೆ ಮತ್ತು ಕಡತ ಅಂದರೆ 25 ಸಾಕು. ಜನರ ದೂರು, ಕಾಮಗಾರಿ ಸ್ಥಳಕ್ಕೆ ಹೋಗೋದು, ಮಳೆಗಾಲದ ರಾತ್ರಿಗಳು ಸೇರಿದರೆ 45 ಹೆಚ್ಚಲ್ಲ. ಇನ್ನೊಂದು ಕಡೆಯಿಂದ, 2011ರ ಜನಗಣತಿಯ 84.43 ಲಕ್ಷವನ್ನ ಹಳೆಯ 198 ವಾರ್ಡಿಗೆ ಹಂಚಿದರೆ ತಲಾ 42,600. 369ಕ್ಕೆ ಹಂಚಿದರೆ 22,900. ವಾರ್ಡು ಹೆಚ್ಚುಕಡಿಮೆ ಅರ್ಧ ಆದಮೇಲೆ ಕೆಲಸವೂ ಒಂದಿಷ್ಟು ಇಳಿಯಬೇಕು ಅನ್ನೋ ವಾದಕ್ಕೆ ತೂಕ ಇದೆ. 35 ಗಂಟೆ ಇಟ್ಟರೆ ಸುಮಾರು 29,000. ನನ್ನ ಮತ 30ರಿಂದ 40 ಸಾವಿರದ ನಡುವೆ.

ಖಜಾನೆಗೆ ಭಾರವೇ? 40,000 ಅಂತಲೇ ಹಿಡಿಯಿರಿ. 369 × 40,000 × 12 = 17.71 ಕೋಟಿ. ಬಿಬಿಎಂಪಿಯ 2025-26ರ ಬಜೆಟ್ 19,900 ಕೋಟಿ ದಾಟಿತ್ತು. ಶೇಕಡಾ ಒಂದರ ಹತ್ತನೇ ಒಂದು ಭಾಗವೂ ಆಗಲ್ಲ.

ನೆಟ್ಟಕಲ್ಲಪ್ಪ_ಸರ್ಕಲ್
ಗಂಟೆ ಲೆಕ್ಕ ಪತ್ರಕ್ಕೆ ಹಾಕ್ತೇವೆ. ವರ್ಷವರ್ಷ ಏರಿಕೆಗೆ ಸರ್ಕಾರಿ ನೌಕರರ ಮೂಲವೇತನಕ್ಕೆ ಕಟ್ಟಿದರೆ ಹೇಗೆ? ರಾಜ್ಯದ 7ನೇ ವೇತನ ಆಯೋಗದ ಪ್ರಕಾರ 2024ರ ಆಗಸ್ಟ್‌ನಿಂದ ಕನಿಷ್ಠ ಮೂಲವೇತನ 27,000. ಅದರ ಒಂದೂಕಾಲು ಪಟ್ಟು ಅಂದರೆ 33,750.

ಲೆಕ್ಕಶಾಖೆ
ಅಲ್ಲೊಂದು ಗುಂಡಿ ಇದೆ. ಹಳೆಯ ಕನಿಷ್ಠ 17,000 ಇತ್ತು. ಆಯೋಗ ಶೇ 31 ತುಟ್ಟಿಭತ್ಯೆಯನ್ನ ಮೂಲವೇತನಕ್ಕೆ ವಿಲೀನ ಮಾಡಿ, ಮೇಲೆ ಶೇ 27.5 ಫಿಟ್‌ಮೆಂಟ್ (ನಿಜವಾದ ವೇತನ ಹೆಚ್ಚಳ) ಕೊಟ್ಟಿತು. ಒಟ್ಟು ಶೇ 58.5, ಹಾಗೆ 27,000. ನೌಕರರಿಗೆ ನಿಜವಾಗಿ ಅಷ್ಟು ಹೆಚ್ಚಳ ಆಗಲಿಲ್ಲ, ತುಟ್ಟಿಭತ್ಯೆ ಮೊದಲೇ ಕೈಗೆ ಬರುತ್ತಿತ್ತು. ಆದರೆ ಬರೀ ಮೂಲವೇತನಕ್ಕೆ ಕಟ್ಟಿದ ಗೌರವಧನ ಆ ದಿನ ಒಂದೇ ಏಟಿಗೆ ಶೇ 58ಕ್ಕೂ ಮೇಲೆ ಜಿಗಿಯುತ್ತೆ, ನಡುವಿನ ವರ್ಷಗಳಲ್ಲಿ ಕಲ್ಲಿನಂತೆ ಕೂತಿರುತ್ತೆ. ಕಟ್ಟೋದಾದರೆ "ಮೂಲವೇತನ ಮತ್ತು ತುಟ್ಟಿಭತ್ಯೆ ಎರಡರ ಮೊತ್ತ" ಅಂತ ಬರೆಯಿರಿ. ಪರಿಷ್ಕರಣೆ ವರ್ಷಕ್ಕೊಂದೇ ಸಲ, ಏಪ್ರಿಲ್ 1ಕ್ಕೆ. ತುಟ್ಟಿಭತ್ಯೆ ಜನವರಿ, ಜುಲೈ ಲೆಕ್ಕದಲ್ಲಿ ಎರಡು ಸಲ ಬದಲಾಗುತ್ತೆ, ಆದೇಶ ತಡವಾಗಿ ಬಂದು ಬಾಕಿ ಸೇರುತ್ತೆ. ಆ ಬಾಕಿ ತಂಟೆ ಪಾಲಿಕೆ ಲೆಕ್ಕಕ್ಕೆ ಬೇಡ.

ಕೋರಂ_ಬೆಲ್
ಯಾರು ನಿಗದಿ ಮಾಡೋದು ಅನ್ನೋದೇ ನಿಜವಾದ ಪ್ರಶ್ನೆ, ಅಲ್ಲಿಗೆ ಯಾರೂ ಬರ್ತಾನೇ ಇಲ್ಲ.

ಶಾಸಕರ ತೊಂದರೆ, ತಮಗೆ ತಾವೇ ಹಾಕಿಕೊಳ್ಳೋದು. ಪಾಲಿಕೆ ಸದಸ್ಯರ ತೊಂದರೆ ತದ್ವಿರುದ್ಧ. ರಾಜ್ಯ ಸರ್ಕಾರದ ಆದೇಶ ಬಂದರೆ ಉಂಟು, ಬರದಿದ್ದರೆ ಇಲ್ಲ. ಸಚಿವರಿಗೆ ಮನವಿ ಕೊಡೋದು, ಮೇಯರ್ ಬಜೆಟ್ ಭಾಷಣದಲ್ಲಿ ಕೇಳೋದು, ಚುನಾವಣೆ ಹತ್ತಿರ ಬಂದಾಗ ಒಂದು ಏರಿಕೆ. ಅಂದರೆ ಸದಸ್ಯರ ಜುಟ್ಟು ಸರ್ಕಾರದ ಕೈಲಿ.

ಇಂಗ್ಲೆಂಡಿನ 2003ರ ನಿಯಮದಲ್ಲಿ ಕನಿಷ್ಠ ಮೂವರ ಸ್ವತಂತ್ರ ಸಮಿತಿ ಇರುತ್ತೆ. ಆ ಸಂಸ್ಥೆಯ ಸದಸ್ಯರು ಅದರಲ್ಲಿ ಇರೋ ಹಾಗಿಲ್ಲ. ಸಮಿತಿ ಶಿಫಾರಸು ಮಾಡುತ್ತೆ, ಕೌನ್ಸಿಲ್ ಅದನ್ನ ಪರಿಗಣಿಸಿ ತೀರ್ಮಾನ ಮಾಡಬೇಕು, ಶಿಫಾರಸು ಏನು, ತಾವು ತಗೊಂಡದ್ದು ಏನು ಎರಡನ್ನೂ ಪ್ರಕಟಿಸಬೇಕು. ಸೂಚ್ಯಂಕಕ್ಕೆ ಕಟ್ಟಿದರೂ ನಾಲ್ಕು ವರ್ಷ ಮೀರಿ ಅದನ್ನೇ ಎಳೆಯೋ ಹಾಗಿಲ್ಲ, ಮತ್ತೆ ಸಮಿತಿ ಮುಂದೆ ಹೋಗಬೇಕು. ಬೇಡ ಅನ್ನೋ ಸದಸ್ಯರು ಲಿಖಿತವಾಗಿ ಬಿಟ್ಟುಕೊಡಬಹುದು.

ನಮ್ಮಲ್ಲಿ ಹೊಸ ಸಮಿತಿ ಬೇಕಿಲ್ಲ. 243-ವೈ ವಿಧಿಯಂತೆ ರಾಜ್ಯ ಹಣಕಾಸು ಆಯೋಗ ನಗರ ಸಂಸ್ಥೆಗಳ ಹಣಕಾಸು ಸ್ಥಿತಿ ನೋಡಲೇಬೇಕು, ಅದರ ಶಿಫಾರಸನ್ನ ಕೈಗೊಂಡ ಕ್ರಮದ ವಿವರಣೆಯ ಜತೆ ವಿಧಾನಮಂಡಲದ ಮುಂದೆ ಇಡಲೇಬೇಕು. ಗೌರವಧನದ ವಿಷಯವನ್ನ ಆಯೋಗದ ಪರಿಶೀಲನಾ ಅಂಶಗಳಲ್ಲಿ ಸೇರಿಸಿ ಅಂತ ಕೇಳಿ. ಒಪ್ಪದಿದ್ದರೆ ಸರ್ಕಾರ ಸದನದಲ್ಲಿ ಕಾರಣ ಹೇಳಬೇಕಾಗುತ್ತೆ. ಆಯೋಗದ ವರದಿ ತಡವಾದರೆ ಗೌರವಧನ ನಿಂತುಹೋಗಬಾರದು, ಅದಕ್ಕೇ ಮೇಲೆ ಹೇಳಿದ ತುಟ್ಟಿಭತ್ಯೆ ಸೂಚ್ಯಂಕ.

ಯಶವಂತಪುರ_ಯಾರ್ಡ್
ಜಾರಿ ದಿನಾಂಕ ಮರೀಬೇಡಿ. ಸೂಚ್ಯಂಕದ ಏರಿಕೆ ಬಿಟ್ಟು ಬೇರೆ ಯಾವ ಹೆಚ್ಚಳವೂ ಮುಂದಿನ ಚುನಾವಣೆಯ ನಂತರದ ಮೊದಲ ಸಭೆಯಿಂದಲೇ ಜಾರಿ ಆಗಬೇಕು. ಅಮೆರಿಕದ ಸಂವಿಧಾನದ 27ನೇ ತಿದ್ದುಪಡಿ ಅಲ್ಲಿನ ಸಂಸತ್ತಿಗೆ ಇದನ್ನೇ ಹೇಳುತ್ತೆ. ಪೂರ್ವಾನ್ವಯ (ಹಿಂದಿನ ದಿನಾಂಕದಿಂದ ಜಾರಿ) ಅನ್ನೋ ಪದ ಆದೇಶದಲ್ಲಿ ಎಲ್ಲೂ ಇರಬಾರದು.

ಹೊಣೆ ಭತ್ಯೆಗೂ ಒಂದು ಬೇಲಿ ಹಾಕಿ. 63 ಜನರ ಕೌನ್ಸಿಲ್‌ನಲ್ಲಿ 35 ಜನಕ್ಕೆ ಏನಾದರೊಂದು ಅಧ್ಯಕ್ಷಗಿರಿ ಕೊಟ್ಟರೆ ಅದು ಹೊಣೆ ಅಲ್ಲ, ಅಸಮಾಧಾನ ಶಮನ. ಭತ್ಯೆ ಪಡೆಯೋರು ಐದರಲ್ಲಿ ಒಬ್ಬರಿಗಿಂತ ಹೆಚ್ಚಿರಬಾರದು, ಒಬ್ಬರಿಗೆ ಎರಡು ಹೊಣೆ ಇದ್ದರೂ ಒಂದೇ ಭತ್ಯೆ, ಹೆಚ್ಚಿನದ್ದು. ಮೇಯರ್ ಅವಧಿ ಈಗ ಒಂದು ವರ್ಷದ ಬದಲು 30 ತಿಂಗಳು, ಹಾಗಾಗಿ ಅವರದು ಪೂರ್ಣಾವಧಿ ಕೆಲಸ ಅಂತಲೇ ಹಿಡಿದು ಸದಸ್ಯರ ಗೌರವಧನದ ಎರಡೂವರೆ ಪಟ್ಟು ಇಡಬಹುದು.

ಮಾರೇನಹಳ್ಳಿ_ಮ್ಯಾಪ್
ಐದು ಪಾಲಿಕೆಗೂ ಒಂದೇ ದರವೋ? ಪೂರ್ವದಲ್ಲಿ ಮಹದೇವಪುರ ಕಡೆಯ ಆಸ್ತಿ ತೆರಿಗೆ ಜೋರು, ಅವರು ಜಾಸ್ತಿ ಕೊಡಬಲ್ಲರು.

ಲೆಕ್ಕಶಾಖೆ
ಒಂದೇ ದರ. ಆದಾಯ ನೋಡಿ ಕೊಟ್ಟರೆ ವೈಟ್‌ಫೀಲ್ಡ್ ಸದಸ್ಯರಿಗೆ ಹೆಚ್ಚು, ಚಾಮರಾಜಪೇಟೆಯವರಿಗೆ ಕಡಿಮೆ ಅಂತಾಗುತ್ತೆ. ಕೆಲಸ ಹೆಚ್ಚಿರೋದು ಹಳೇ ಒಳಚರಂಡಿ ಇರೋ ಕಡೆ.

ತೆರಿಗೆ ಬಗ್ಗೆ ಕೇಳೋರಿಗೆ: 1961ರ ಆದಾಯ ತೆರಿಗೆ ಕಾಯ್ದೆಯ 10(17) ವಿನಾಯಿತಿ ಸಂಸದರು, ಶಾಸಕರ ದಿನಭತ್ಯೆ, ಕ್ಷೇತ್ರಭತ್ಯೆಗೆ ಇದ್ದದ್ದು, ಪಾಲಿಕೆ ಸದಸ್ಯರನ್ನ ಅದು ಒಳಗೊಂಡಿರಲಿಲ್ಲ. ಉದ್ಯೋಗದಾತ, ನೌಕರ ಸಂಬಂಧ ಇಲ್ಲದ್ದರಿಂದ ಗೌರವಧನ "ಇತರ ಮೂಲಗಳ ಆದಾಯ" ಅಂತ ತೋರಿಸಬೇಕು. ಕಚೇರಿ ಖರ್ಚನ್ನ ಗೌರವಧನದ ಜತೆ ಬೆರೆಸಿ ಕೊಟ್ಟರೆ ಬಾಡಿಗೆ ದುಡ್ಡಿಗೂ ಸದಸ್ಯರೇ ತೆರಿಗೆ ಲೆಕ್ಕ ಕೊಡಬೇಕಾಗುತ್ತೆ. ಮೊದಲೇ ಮೂರು ಬಾಬ್ತು ಬೇರೆ ಮಾಡಿ ಅಂದದ್ದಕ್ಕೆ ಇದೂ ಒಂದು ಕಾರಣ.

ನೆಟ್ಟಕಲ್ಲಪ್ಪ_ಸರ್ಕಲ್
ಕರಡಿನಲ್ಲಿ ಎರಡು ಕಡೆ ಸಿಕ್ಕಿಕೊಂಡಿದ್ದೇವೆ. ಪಾಲಿಕೆ ಸಭೆಯಲ್ಲಿ ಕೂರೋ ಶಾಸಕರು, ಸಂಸದರಿಗೆ ಏನು? ಮತ್ತೆ, ಅವಧಿ ಮುಗಿದು ಚುನಾವಣೆ ನಡೆಯದೆ ಸದಸ್ಯರ ಬದಲು ಸರ್ಕಾರ ನೇಮಿಸಿದ ಆಡಳಿತಾಧಿಕಾರಿ ಬಂದರೆ ಈ ಬಾಬ್ತಿನ ದುಡ್ಡು?

ಕೋರಂ_ಬೆಲ್
ಮೊದಲನೆಯದಕ್ಕೆ ಒಂದೇ ಸಾಲು: "ಬೇರೆ ಶಾಸನಸಭೆಯಿಂದ ವೇತನ ಪಡೆಯುವ ಸದಸ್ಯರಿಗೆ ಪಾಲಿಕೆಯ ಗೌರವಧನ, ಹೊಣೆ ಭತ್ಯೆ ಸಲ್ಲುವುದಿಲ್ಲ."

ಎರಡನೆಯದು ಮುಖ್ಯ. 2020ರ ಸೆಪ್ಟೆಂಬರ್ ನಂತರ ವರ್ಷಗಟ್ಟಲೆ ಆಡಳಿತಾಧಿಕಾರಿ ಕಾಲ ನಡೆದದ್ದು ಎಲ್ಲರಿಗೂ ಗೊತ್ತು. ಸದಸ್ಯರ ಗೌರವಧನ ಬಾಬ್ತನ್ನ ಆಗ ಬೇರೆ ಖರ್ಚಿಗೆ ಮರುಹಂಚಿಕೆ ಮಾಡುವಂತಿಲ್ಲ ಅಂತ ಬರೆಯಿರಿ. ವಾರ್ಡ್ ಕಚೇರಿ ಬಾಬ್ತು ಮಾತ್ರ ಮುಂದುವರಿಯಲಿ, ಸಹಾಯಕರು ಅಲ್ಲೇ ಕೂತು ದೂರು ಬರೆದುಕೊಳ್ಳಲಿ. ಉಪಚುನಾವಣೆಯಲ್ಲಿ ಗೆದ್ದವರಿಗೆ ಪ್ರಮಾಣವಚನದ ದಿನದಿಂದ ದಿನ ಲೆಕ್ಕ, ಇಡೀ ತಿಂಗಳದ್ದಲ್ಲ.

ಪೀಣ್ಯ_2ನೇ_ಹಂತ
ಸರಿ, 30-35 ಸಾವಿರ ಕೊಡಿ, ಗೈರಿನ ಕಡಿತ ಮಾತ್ರ ಬಿಡಬೇಡಿ. ಯಾರದ್ದು ಎಷ್ಟು ಕಡಿತ ಆಯ್ತು ಅಂತ ತಿಂಗಳು ತಿಂಗಳು ವಾರ್ಡ್ ಕಚೇರಿ ಬಾಗಿಲಿಗೆ ಅಂಟಿಸಲಿ. ವೆಬ್‌ಸೈಟಲ್ಲಿ ಹಾಕಿದರೆ ಯಾರೂ ನೋಡಲ್ಲ.